ಅಲಾಟ್‌ಮೆಂಟ್ ಬರುವವರೆಗೆ: ಕಾಸರಗೋಡಿನ ಮಕ್ಕಳು ಗಡಿಯ ಎರಡೂ ಕಡೆ ಸೀಟು ಹಿಡಿಯುವ ಬಗೆ

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಪ್ಲಸ್ ಟು ಮಕ್ಕಳಿಗೆ ಮೊದಲ ಇಕ್ಕಟ್ಟು ಬರುವುದು ಅಂಕದಿಂದಲ್ಲ, ತಾರೀಖಿನಿಂದ. 2025ರಲ್ಲಿ ಕರ್ನಾಟಕದ ದ್ವಿತೀಯ ಪಿಯುಸಿ ಫಲಿತಾಂಶ ಏಪ್ರಿಲ್ 8ಕ್ಕೇ ಬಂತು, ಕೇರಳದ ಪ್ಲಸ್ ಟು ಫಲಿತಾಂಶ ಬರುವಾಗ ಮೇ 22. ನಡುವಿನ ಆರು ವಾರದಲ್ಲಿ ಮಂಗಳೂರಿನ ಖಾಸಗಿ ಕಾಲೇಜುಗಳು ಡಿಗ್ರಿ ಸೀಟು ತುಂಬಿಸಲು ಶುರು ಮಾಡಿರುತ್ತವೆ. ಮನೆಗೆ ಫೋನು ಬರುತ್ತದೆ: ‘ಈಗಲೇ ಅಡ್ವಾನ್ಸ್ ಕಟ್ಟಿ ಸೀಟು ಬ್ಲಾಕ್ ಮಾಡಿ, ನಾಳೆಗೆ ಇರುವುದಿಲ್ಲ.’ ಇತ್ತ ಕಣ್ಣೂರು ವಿಶ್ವವಿದ್ಯಾಲಯದ ಏಕಗವಾಕ್ಷಿ (ಎಲ್ಲ ಕಾಲೇಜಿಗೂ ಒಂದೇ) ಅರ್ಜಿಗೆ ಇನ್ನೂ ಪ್ಲಸ್ ಟು ಅಂಕವೇ ಬಂದಿರುವುದಿಲ್ಲ.

ಒಂದು ಸೀಟು ಕೈಯಲ್ಲಿಟ್ಟುಕೊಂಡೇ ಇನ್ನೊಂದಕ್ಕೆ ಕಾಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ‘ಕಾಯುವುದು’ ಎಂಬ ಮಾತಿಗೆ ಒಂದೊಂದು ಕಡೆ ಒಂದೊಂದು ಅರ್ಥ. ಹಣ ಕಟ್ಟದೆ ಕಾದರೆ ಒಂದು ಕಡೆ ಸೀಟೇ ಹೋಗುತ್ತದೆ. ಇನ್ನೊಂದು ಕಡೆ ಕಾಯುತ್ತೇನೆ ಎಂದು ಗುಂಡಿ ಒತ್ತಿದ್ದಕ್ಕೆ ಕೈಯಲ್ಲಿದ್ದ ಸೀಟು ಬೇರೆಯವರದಾಗುತ್ತದೆ.

ಮೇ ತಿಂಗಳ ಅಡ್ವಾನ್ಸ್

ಬೇಗ ಕಟ್ಟಬೇಕಾಗಿ ಬಂದರೆ ಕಟ್ಟಿ, ಆದರೆ ಮೊದಲು ಮೂರು ವಿಷಯ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಈ ಮೊತ್ತ ವರ್ಷದ ಫೀಸಿಗೆ ವಜಾ ಆಗುತ್ತದೆಯೇ? ಪ್ರವೇಶದ ಅಧಿಕೃತ ಕೊನೆಯ ದಿನ ಯಾವುದು? ರದ್ದು ಮಾಡಿದರೆ ಎಷ್ಟು ವಾಪಸ್? ಮೂರನೆಯದಕ್ಕೆ ಉತ್ತರ ಎರಡನೆಯದರಲ್ಲೇ ಇದೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆಯ ಲೆಕ್ಕದಲ್ಲಿ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮುಂಚೆ ಬಿಟ್ಟರೆ ಪೂರ್ತಿ ಶುಲ್ಕ (ಗರಿಷ್ಠ 5 ಶೇಕಡಾ, ಅದೂ 5,000 ರೂಪಾಯಿಯ ಒಳಗೆ ಮಾತ್ರ ಕಡಿತ), 15 ದಿನಕ್ಕಿಂತ ಕಡಿಮೆ ಇದ್ದರೆ 90 ಶೇಕಡಾ, ಕೊನೆಯ ದಿನ ದಾಟಿ 15 ದಿನದೊಳಗೆ 80, ಮೂವತ್ತು ದಿನದೊಳಗೆ 50, ಆಮೇಲೆ ಸೊನ್ನೆ. ಯುಜಿಸಿ ಕೆಲವು ವರ್ಷ ಇದಕ್ಕಿಂತ ಉದಾರವಾದ ಸುತ್ತೋಲೆಯನ್ನೂ ಹೊರಡಿಸಿದೆ, ಆ ವರ್ಷದ್ದನ್ನು ನೋಡಿ. ‘ನಾನ್ ರಿಫಂಡೆಬಲ್’ ಎಂದು ರಶೀದಿಯ ಮೂಲೆಯಲ್ಲಿ ಸೀಲು ಹೊಡೆದಿದ್ದರೂ ಈ ಲೆಕ್ಕ ಇಟ್ಟುಕೊಂಡೇ ಮಾತಾಡಿ. ಮಾತಾಡಿದ್ದನ್ನು ಇಮೇಲಿನಲ್ಲೂ ಹಾಕಿ. ಫೋನಿನಲ್ಲಿ ‘ಕೊಡುತ್ತೇವೆ ಬಿಡಿ’ ಎಂದದ್ದು ಜುಲೈಯಲ್ಲಿ ಯಾರಿಗೂ ನೆನಪಿರುವುದಿಲ್ಲ.

ಹಣಕ್ಕಿಂತ ದೊಡ್ಡ ತೊಡಕು ಟಿಸಿ. ಅದು ಇರುವುದು ಒಂದೇ. ಮೇ ಕೊನೆಗೆ ಮಂಗಳೂರಿನ ಕಾಲೇಜಿಗೆ ಕೊಟ್ಟು ಬಂದರೆ, ಜೂನಿನಲ್ಲಿ ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಹೆಸರು ಬಂದಾಗ ಕೈ ಬರಿದು. ಅದೇ 2018ರ ಅಧಿಸೂಚನೆ ಇದನ್ನೂ ಹೇಳುತ್ತದೆ: ಅಂಕಪಟ್ಟಿ, ಟಿಸಿಯಂಥ ಮೂಲ ದಾಖಲೆಗಳನ್ನು ಪರಿಶೀಲಿಸಿ ಅಲ್ಲೇ ಹಿಂದೆ ಕೊಡಬೇಕು, ಕಾಲೇಜು ಇಟ್ಟುಕೊಳ್ಳುವಂತಿಲ್ಲ. ವಾಸ್ತವದಲ್ಲಿ ಕೇಳಿಯೇ ಕೇಳುತ್ತಾರೆ. ಆಗ ದೃಢೀಕರಿಸಿದ ಪ್ರತಿ ಕೊಟ್ಟು, ಮೂಲ ಟಿಸಿಯನ್ನು ಇಂಥ ತಾರೀಖಿನೊಳಗೆ ತರುತ್ತೇನೆ ಎಂದು ಬರೆದು ಸಹಿ ಹಾಕಿ. ಹೆಚ್ಚಿನ ಆಫೀಸುಗಳು ಒಪ್ಪುತ್ತವೆ. ಒಪ್ಪದಿದ್ದರೆ, ಕೊಟ್ಟ ದಾಖಲೆಗಳ ಪಟ್ಟಿಯ ಮೇಲೆ ಸೀಲು ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ.

ಇನ್ನೂ ಒಂದು, ಸೀಟು ಹುಡುಕುವ ಗಡಿಬಿಡಿಯಲ್ಲಿ ಹಲವರು ಗಮನಿಸದೆ ಬಿಡುವುದು: ಕೇರಳದಲ್ಲಿ 2024-25ರಿಂದ ನಾಲ್ಕು ವರ್ಷದ ಪದವಿ ಬಂದಿದೆ, ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಬಹುದು, ನಾಲ್ಕನೆಯದಕ್ಕೆ ಆನರ್ಸ್. ಕರ್ನಾಟಕ ಅದೇ ವರ್ಷ ನಾಲ್ಕು ವರ್ಷದ ಪದ್ಧತಿಯನ್ನು ಬಿಟ್ಟು ಮೂರಕ್ಕೆ ಮರಳಿತು. ಮುಂದೆ ಬಿಎಡ್ ಅಥವಾ ಎಂಎ ಎಂದುಕೊಂಡವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಊರು ಆರಿಸಬೇಕು.

ಟ್ರಯಲ್ ಅಲಾಟ್‌ಮೆಂಟಿನಲ್ಲಿ ಹೆಸರಿಲ್ಲ ಎಂದರೆ

ಏನೂ ಆಗಿಲ್ಲ ಎಂದರ್ಥ. ಟ್ರಯಲ್‌ನಲ್ಲಿ (ಕಣ್ಣೂರು ವಿಶ್ವವಿದ್ಯಾಲಯ ಮೊದಲು ಬಿಡುವ ಪ್ರಾಯೋಗಿಕ ಸೀಟು ಹಂಚಿಕೆಯಲ್ಲಿ) ಹೆಸರು ಬಂದವರಿಗೂ ಸೀಟು ಸಿಕ್ಕಿರುವುದಿಲ್ಲ. ಅದು ಅರ್ಜಿಯ ತಪ್ಪು ತಿದ್ದಿಕೊಳ್ಳಲು ಕೊಡುವ ಅವಕಾಶ. ಆ ದಿನ ಅಳುವ ಬದಲು ಅರ್ಜಿಯ ಪ್ರಿಂಟ್ ತೆಗೆದು ಅಂಕಪಟ್ಟಿಯ ಪಕ್ಕದಲ್ಲಿಟ್ಟು ಪೆನ್ನು ಹಿಡಿದು ಕೂರಬೇಕು. ಒಂದೊಂದು ವಿಷಯದ ಅಂಕ, ರಿಸರ್ವೇಶನ್ ಕಾಲಂ, ಎನ್‌ಎಸ್‌ಎಸ್ ಅಥವಾ ಎನ್‌ಸಿಸಿ ವೆಯ್ಟೇಜ್ ಟಿಕ್ ಆಗಿದೆಯೇ, ಸೆಕೆಂಡ್ ಲ್ಯಾಂಗ್ವೇಜ್ ಕನ್ನಡ ಎಂದೇ ಇದೆಯೇ. ಅಕ್ಷಯ ಕೇಂದ್ರದಲ್ಲಿ (ಕೇರಳದ ಆನ್ಲೈನ್ ಸೇವಾ ಕೇಂದ್ರ) ಸಾಲು ನಿಂತು ತುಂಬಿಸಿದ ಅರ್ಜಿಯಲ್ಲಿ ಇವೇ ತಪ್ಪುವುದು. ಮೊಬೈಲ್ ನಂಬರನ್ನೂ ನೋಡಿ. ಕೇಂದ್ರದವರ ನಂಬರೇ ದಾಖಲಾಗಿದ್ದರೆ ಒಟಿಪಿ ಅವರ ಫೋನಿಗೆ ಹೋಗುತ್ತದೆ, ಕೊನೆಯ ದಿನ ಭಾನುವಾರವಾದರೆ ಕೇಂದ್ರದ ಶಟರ್ ಎಳೆದಿರುತ್ತದೆ.

ಅದೇ ಮನೆಯ ಅಣ್ಣ ತಂಗಿಯರಿಗೆ ಒಂದೇ ಅಂಕ ಬಂದಿದ್ದರೂ ರ‍್ಯಾಂಕ್ ಬೇರೆ ಇರಬಹುದು, ಒಬ್ಬನೇ ಹುಡುಗನಿಗೆ ಎರಡು ಕೋರ್ಸಿನಲ್ಲಿ ಎರಡು ಸ್ಥಾನ ಇರಬಹುದು. ಕಾರಣ ಇಂಡೆಕ್ಸ್ ಮಾರ್ಕ್: ಪ್ಲಸ್ ಟು ಒಟ್ಟು ಅಂಕದ ಜೊತೆ ಆ ಕೋರ್ಸಿಗೆ ಸಂಬಂಧಪಟ್ಟ ವಿಷಯದ ಅಂಕಕ್ಕೂ ತೂಕ ಇರುತ್ತದೆ. ಹಾಗಾಗಿ ‘ಪಕ್ಕದ ಮನೆಯವನಿಗೆ ಸಿಕ್ಕಿತು, ನಿನಗ್ಯಾಕೆ ಇಲ್ಲ’ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಮನೆಯ ಹಿರಿಯರು ಅದನ್ನು ಕೇಳದಿದ್ದರೆ ಜೂನ್ ತಿಂಗಳು ಅರ್ಧ ಹಗುರ.

ಮೊದಲ ಅಲಾಟ್‌ಮೆಂಟಿನಲ್ಲಿ ಹೆಸರು ಬಂದರೆ ಆಟ ಬದಲಾಗುತ್ತದೆ. ಬಂದ ಸೀಟು ಇಷ್ಟವಿರಲಿ ಇಲ್ಲದಿರಲಿ, ಗಡುವಿನೊಳಗೆ ಆನ್‌ಲೈನಿನಲ್ಲಿ ಸೀಟ್ ಅಕ್ಸೆಪ್ಟೆನ್ಸ್ ಫೀ ಕಟ್ಟಲೇಬೇಕು. ‘ನನಗೆ ಇದು ಬೇಡ, ಮುಂದಿನ ಲಿಸ್ಟಿಗೆ ಕಾಯುತ್ತೇನೆ’ ಎಂದು ಕಟ್ಟದೆ ಕೂತವರು ಆ ಸೀಟನ್ನು ಮಾತ್ರವಲ್ಲ, ಮುಂದಿನ ಸುತ್ತುಗಳನ್ನೂ ಕಳೆದುಕೊಳ್ಳುತ್ತಾರೆ. ಕಟ್ಟಿದವರ ಹೆಸರು ಮಾತ್ರ ಮೇಲಿನ ಆಪ್ಶನ್‌ಗಳಿಗೆ (ಅರ್ಜಿಯಲ್ಲಿ ಅದಕ್ಕಿಂತ ಮೇಲೆ ಬರೆದ ಕಾಲೇಜು, ಕೋರ್ಸುಗಳಿಗೆ) ತಾನಾಗಿ ಪರಿಗಣನೆಯಾಗುತ್ತದೆ. ಸಿಕ್ಕಿದ್ದೇ ಸಾಕು ಎನ್ನುವವರು ಹೈಯರ್ ಆಪ್ಶನ್‌ಗಳನ್ನು ರದ್ದು ಮಾಡಬೇಕು. ಅದನ್ನು ಮರೆತರೆ ಎರಡನೇ ಅಲಾಟ್‌ಮೆಂಟಿನಲ್ಲಿ ಕೇಳದೆಯೇ ಮೇಲಿನ ಕಾಲೇಜಿಗೆ ಹಾರಿರುತ್ತೀರಿ, ಹಳೆಯದಕ್ಕೆ ದಾರಿ ಮುಚ್ಚಿರುತ್ತದೆ. ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜು ಮನೆಗೆ ಹತ್ತಿರ, ಸಾಕು ಎಂದುಕೊಂಡ ಹುಡುಗಿ ಹೀಗೆ ಕಣ್ಣೂರಿನ ಬಸ್ಸಿಗೆ ಕಾಯಬೇಕಾಗಿ ಬರಬಹುದು.

ಪಟ್ಟಿ ಕದಲುತ್ತದೆಯೇ? ಕದಲುತ್ತದೆ. ಮೇಲಿನವರಲ್ಲಿ ಕೆಲವರು ಎಂಜಿನಿಯರಿಂಗ್, ನರ್ಸಿಂಗ್, ಮಂಗಳೂರು ಎಂದು ಹೊರಟು ಹೋದಂತೆ ಖಾಲಿ ಜಾಗ ಕೆಳಕ್ಕೆ ಇಳಿದು ಬರುತ್ತದೆ. ಆಸೆ ಎಷ್ಟಿಟ್ಟುಕೊಳ್ಳಬಹುದು ಎಂದು ತಿಳಿಯಲು ನಿಮ್ಮ ವರ್ಗದಲ್ಲಿ, ಆ ಕಾಲೇಜಿನ ಆ ಕೋರ್ಸಿಗೆ ಮೊದಲ ಸುತ್ತಿನಲ್ಲಿ ಕೊನೆಗೆ ಸೀಟು ಸಿಕ್ಕವರ ಇಂಡೆಕ್ಸ್ ನೋಡಿ. ಅಂತರ ಬೆರಳೆಣಿಕೆಯ ಅಂಕವಾದರೆ ಕಾಯಬಹುದು. ಅಂತರ ದೊಡ್ಡದಾಗಿದ್ದು ಸೀಟು ಇಪ್ಪತ್ತೋ ಮೂವತ್ತೋ ಇರುವ ಕೋರ್ಸಾದರೆ ಬೇರೆ ದಾರಿ ನೋಡಿ. ಅನುದಾನಿತ ಕಾಲೇಜುಗಳ ಕಮ್ಯುನಿಟಿ, ಮ್ಯಾನೇಜ್‌ಮೆಂಟ್ ಕೋಟಾಗಳಿಗೆ ಕಾಲೇಜಿಗೇ ಹೋಗಿ ಅರ್ಜಿಯ ಪ್ರತಿ ಕೊಡಬೇಕು. ಅಲಾಟ್‌ಮೆಂಟ್ ನಡೆಯುವಾಗಲೇ ಅದನ್ನೂ ಮುಗಿಸಿ.

ಗಡಿನಾಡು ಕನ್ನಡಿಗ ಎಂಬ ಬಾಗಿಲು

ಎಂಜಿನಿಯರಿಂಗ್, ಕೃಷಿ, ಫಾರ್ಮಸಿ ಎಂದುಕೊಂಡವರು ಕೇರಳದ ಪ್ರವೇಶ ಪರೀಕ್ಷೆ ಕೀಮ್ ಜೊತೆ ಕರ್ನಾಟಕದ ಸಿಇಟಿಯನ್ನೂ ಬರೆಯಬಹುದು, ಅದೂ ಹೊರರಾಜ್ಯದವರಂತೆ ಅಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಹತಾ ಕಲಂಗಳಲ್ಲಿ ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರುವ ಗಡಿನಾಡಿನ ಅಭ್ಯರ್ಥಿಗಳಿಗೆ ಜಾಗವಿದೆ. ಕೇರಳದ ಕಡೆ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು ಅದರಲ್ಲಿವೆ. ಮಹಾರಾಷ್ಟ್ರದ ಕಡೆ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ. ತಹಶೀಲ್ದಾರರ ವಾಸ ಪ್ರಮಾಣಪತ್ರ, ಮಾತೃಭಾಷೆಯ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪ್ರಮಾಣಪತ್ರ ಎಲ್ಲವೂ ಪ್ರಾಧಿಕಾರದ ಕೈಪಿಡಿಯಲ್ಲಿರುವ ನಮೂನೆಯಲ್ಲೇ ಬೇಕು. ವಿಲೇಜ್ ಆಫೀಸಿನಿಂದ ಮಲಯಾಳದಲ್ಲಿ ಬಂದ ಪತ್ರ ಬೆಂಗಳೂರಿನ ಪರಿಶೀಲನೆಯಲ್ಲಿ ತಡವಾಗುತ್ತದೆ. ನಮೂನೆಯನ್ನು ಇಂಗ್ಲಿಷಿನಲ್ಲಿ ಪ್ರಿಂಟ್ ಮಾಡಿಕೊಂಡು ಹೋಗಿ, ಅದರಲ್ಲೇ ಸಹಿ ಕೇಳಿ. ಮಂಜೇಶ್ವರ ತಾಲೂಕು ಆದದ್ದು 2014ರಲ್ಲಿ. ಹಳೆಯ ಕಾಗದದಲ್ಲಿ ಕಾಸರಗೋಡು ತಾಲೂಕು, ಹೊಸದರಲ್ಲಿ ಮಂಜೇಶ್ವರ ಎಂದಿದ್ದರೆ ಗಾಬರಿ ಬೇಡ, ಎರಡೂ ಪಟ್ಟಿಯಲ್ಲಿವೆ.

ಈ ಕಲಂನಲ್ಲಿ ಬರುವವರು ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. 50 ಅಂಕ, ನಾಲ್ಕನೇ ತರಗತಿಯ ಮಟ್ಟ, ಕನಿಷ್ಠ 12 ಬಂದರೆ ಅರ್ಹತೆ. ಈ ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಆಟ. ಸೋಲುವುದು ಪರೀಕ್ಷೆಯಲ್ಲಲ್ಲ, ಹೋಗದೆ ಇರುವುದರಲ್ಲಿ: ಸಿಇಟಿಯ ಹಿಂದಿನ ದಿನವೋ ಮರುದಿನವೋ ಪ್ರತ್ಯೇಕವಾಗಿ ನಡೆಯುವ ಇದನ್ನು ‘ನನಗೆ ಕನ್ನಡ ಬರುತ್ತದಲ್ಲ’ ಎಂದು ಬಿಟ್ಟವರ ಅರ್ಹತೆಯೇ ಬಿದ್ದುಹೋಗುತ್ತದೆ.

ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಹನ್ನೆರಡನೆಯ ತರಗತಿಯ ಅಂಕ ಅರ್ಧ. ಕರ್ನಾಟಕದ ಪಿಯು ಅಂಕ ಪ್ರಾಧಿಕಾರಕ್ಕೆ ತಾನಾಗಿ ಸಿಗುತ್ತದೆ, ನಿಮ್ಮದು ಸಿಗುವುದಿಲ್ಲ. ಪ್ಲಸ್ ಟು ಫಲಿತಾಂಶ ಬಂದೊಡನೆ ಪೋರ್ಟಲ್ಲಿನಲ್ಲಿ ನೀವೇ ತುಂಬಬೇಕು, ಇಲ್ಲವಾದರೆ ರ‍್ಯಾಂಕ್ ತಡೆಹಿಡಿಯುತ್ತಾರೆ. ಕೇರಳದ ಅಂಕಪಟ್ಟಿಯಲ್ಲಿ ಎರಡು ವರ್ಷದ ಅಂಕವೂ ಇರುವುದರಿಂದ ಯಾವುದನ್ನು ಕೇಳಿದ್ದಾರೆ ಎಂದು ಎರಡು ಸಲ ಓದಿ.

ಸೀಟು ಬಂದ ಮೇಲೆ ನಾಲ್ಕು ಚಾಯ್ಸ್. ಒಂದು: ಒಪ್ಪಿಗೆ, ಹಣ ಕಟ್ಟಿ ಸೇರುತ್ತೇನೆ. ಎರಡು: ಇದು ಇರಲಿ, ಮೇಲಿನದಕ್ಕೆ ಇನ್ನೊಮ್ಮೆ ನೋಡಿ. ಮೂರು: ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು: ನಾನು ಹೊರಗೆ. ಎಡವುವುದು ಎರಡು, ಮೂರರಲ್ಲಿ. ಪಟ್ಟಿಯಲ್ಲಿ 12 ಆಪ್ಶನ್ ಹಾಕಿದ್ದೀರಿ, 5ನೆಯದು ಸಿಕ್ಕಿತು ಎನ್ನಿ. ಚಾಯ್ಸ್ ಎರಡು ಒತ್ತಿದರೆ 1ರಿಂದ 4 ಮಾತ್ರ ಜೀವಂತ, 6ರಿಂದ 12 ಅಳಿಸಿಹೋಯಿತು. ಮುಂದಿನ ಸುತ್ತಿನಲ್ಲಿ 3 ಬಂದರೆ ಆ ಕ್ಷಣವೇ 5 ಬೇರೊಬ್ಬರದು. 3 ಅನ್ನು ನೋಡಿ ‘ಅಯ್ಯೋ, 5ನೆಯದೇ ಚೆನ್ನಾಗಿತ್ತು’ ಎಂದರೆ ಕೇಳುವವರಿಲ್ಲ. ಚಾಯ್ಸ್ ಮೂರರಲ್ಲಿ 5ನ್ನು ನೀವೇ ಬಿಟ್ಟುಕೊಟ್ಟಿರುತ್ತೀರಿ, ಮುಂದೆ ಏನೂ ಬಾರದಿದ್ದರೆ ಏನೂ ಇಲ್ಲ. ಈಚಿನ ವರ್ಷಗಳಲ್ಲಿ ಚಾಯ್ಸ್ ಎರಡಕ್ಕೂ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ, ಹಣ ಹೊಂದಿಸಿಟ್ಟುಕೊಳ್ಳಿ.

ಆಪ್ಶನ್ ಬರೆಯುವಾಗ ‘ಸಿಗುವುದನ್ನು ಮೇಲೆ ಹಾಕು’ ಎಂಬ ಉಪದೇಶ ತಪ್ಪು. ಕಂಪ್ಯೂಟರ್ ನಿಮ್ಮ ರ‍್ಯಾಂಕ್ ಹಿಡಿದು ನಿಮ್ಮ ಪಟ್ಟಿಯ ಮೇಲಿನಿಂದ ಕೆಳಕ್ಕೆ ಬರುತ್ತದೆ. ಸಿಗದ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದಕ್ಕೆ ನಷ್ಟವಿಲ್ಲ. ನಷ್ಟವಾಗುವುದು ಹೋಗಲು ಮನಸ್ಸಿಲ್ಲದ ಕಾಲೇಜನ್ನು ಸಾಲು ತುಂಬಿಸಲು ಬರೆದಾಗ.

ಕೀಮ್ ರ‍್ಯಾಂಕ್ ನೋಡಿ ಸಿಇಟಿ ಸೀಟನ್ನು ಬಿಡುವವರಿಗೆ ಒಂದು ಮಾತು. 2025ರ ಜುಲೈ 1ರಂದು ಕೀಮ್ ರ‍್ಯಾಂಕ್ ಪಟ್ಟಿ ಬಂತು, ಅಂಕ ಸಮೀಕರಣದ ಸೂತ್ರವನ್ನು ಕೊನೆಗಳಿಗೆಯಲ್ಲಿ ಬದಲಿಸಿದ್ದಕ್ಕೆ ಹೈಕೋರ್ಟ್ 9ರಂದು ಅದನ್ನು ರದ್ದು ಮಾಡಿತು, 10ರ ರಾತ್ರಿ ಹಳೆಯ ಸೂತ್ರದ ಹೊಸ ಪಟ್ಟಿ ಬಂತು. ಒಂಬತ್ತು ದಿನದಲ್ಲಿ ಸಾವಿರಾರು ಮಕ್ಕಳ ಸ್ಥಾನ ಬದಲಾಯಿತು. ರ‍್ಯಾಂಕ್ ಕಾರ್ಡ್ ಸೀಟಲ್ಲ. ಅಲಾಟ್‌ಮೆಂಟ್ ಮೆಮೊ ಕೈಗೆ ಬರುವವರೆಗೆ ಇನ್ನೊಂದು ಕಡೆ ನಾಲ್ಕನೇ ಚಾಯ್ಸ್ ಒತ್ತಬೇಡಿ.

ಸ್ಕಾಲರ್‌ಶಿಪ್ ಎಂಬ ಮಾತಿನ ಒಳಗೆ

ಖಾಸಗಿ ಕಾಲೇಜುಗಳ ‘ಮೆರಿಟ್ ಸ್ಕಾಲರ್‌ಶಿಪ್’ ಹೆಚ್ಚಾಗಿ ಫೀಸಿನ ರಿಯಾಯಿತಿ. ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಟ್ಯೂಶನ್ ಫೀ 90,000, ಇತರೆ 30,000, ಮೂರು ವರ್ಷ ಎಂದುಕೊಳ್ಳೋಣ. ‘50 ಶೇಕಡಾ’ ರಿಯಾಯಿತಿ ಟ್ಯೂಶನ್ ಫೀಗೆ, ಅದೂ ಮೊದಲ ವರ್ಷಕ್ಕೆ ಮಾತ್ರವಾದರೆ ಉಳಿಯುವುದು 45,000. ಒಟ್ಟು ಖರ್ಚು 3,60,000. ಅಂದರೆ ನಿಜದ ರಿಯಾಯಿತಿ ಎಂಟರಲ್ಲೊಂದು ಪಾಲು. ಪ್ರತಿ ವರ್ಷ ಸಿಗುತ್ತದೆಯೇ, ಎಷ್ಟು ಅಂಕಕ್ಕಿಂತ ಇಳಿದರೆ ನಿಲ್ಲುತ್ತದೆ, ಬಸ್ಸು, ಹಾಸ್ಟೆಲ್ ಸೇರಿ ಎಷ್ಟು, ಇವಿಷ್ಟು ಪ್ರವೇಶಪತ್ರದಲ್ಲೇ ಬರೆದಿರಬೇಕು.

ಸರಕಾರದ್ದರಲ್ಲಿ ಎರಡರ ನಡುವೆ ವ್ಯತ್ಯಾಸ ತಿಳಿದಿರಲಿ. ಕೇಂದ್ರ ವಲಯದ ಸ್ಕಾಲರ್‌ಶಿಪ್ (ಪಿಎಂ-ಯುಎಸ್‌ಪಿ) ಪದವಿಯ ಮೂರು ವರ್ಷ ವರ್ಷಕ್ಕೆ 12,000 ಕೊಡುತ್ತದೆ. ಬೋರ್ಡಿನಲ್ಲಿ 80ನೇ ಪರ್ಸೆಂಟೈಲಿಗಿಂತ ಮೇಲಿರಬೇಕು, ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ಮೀರಬಾರದು. ಪರ್ಸೆಂಟೈಲ್ ಎಂದರೆ 80 ಶೇಕಡಾ ಅಂಕವಲ್ಲ, ಫಲಿತಾಂಶದಲ್ಲಿ ಮೇಲಿನ ಐದನೇ ಒಂದು ಭಾಗ. ನೀವು ಬರೆದ ಬೋರ್ಡಿನ ಲೆಕ್ಕ ಆದ್ದರಿಂದ ಮಂಗಳೂರಿನಲ್ಲಿ ಓದಿದರೂ ಸಿಗುತ್ತದೆ. ಕೇರಳ ಉನ್ನತ ಶಿಕ್ಷಣ ಪರಿಷತ್ತಿನದು ಮೊದಲ ವರ್ಷ 12,000, ಎರಡನೆಯದು 18,000, ಮೂರನೆಯದು 24,000. ಆದರೆ ಅದು ಕೇರಳದ ಕಾಲೇಜಿನಲ್ಲಿ ಓದುವವರಿಗೆ, ಗಡಿ ದಾಟಿದರೆ ಬಿಟ್ಟಂತೆ. ಕೇಂದ್ರದ್ದನ್ನು ಪಡೆಯುವವರು ಬೇರೆ ಸ್ಕಾಲರ್‌ಶಿಪ್ಪನ್ನೋ ಫೀಸು ಮಾಫಿಯನ್ನೋ ಜೊತೆಗೆ ಪಡೆಯುವಂತಿಲ್ಲ, ಹಾಗಾಗಿ ಮೊದಲೇ ಒಂದನ್ನು ಆರಿಸಿ.

ಅರ್ಜಿ ಬೀಳುವುದು ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ‘ಶ್ರೀಜಾ ಕೆ.’, ಆಧಾರಿನಲ್ಲಿ ‘ಶ್ರೀಜಾ ಕೃಷ್ಣಪ್ಪ’, ಬ್ಯಾಂಕಿನಲ್ಲಿ ‘ಕೆ. ಶ್ರೀಜ’. ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ಗೆ ಇವರು ಮೂವರು ಬೇರೆ ಬೇರೆ ಹುಡುಗಿಯರು. ಆಧಾರನ್ನು ಎಸ್‌ಎಸ್‌ಎಲ್‌ಸಿಯಂತೆ ತಿದ್ದಿಸಿ, ಆಮೇಲೆ ಬ್ಯಾಂಕಿಗೆ ಹೋಗಿ ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯೇ ಎಂದು ಕೇಳಿ. ‘ಲಿಂಕ್ ಆಗಿದೆ’ ಎಂಬ ಉತ್ತರ ಸಾಲದು, ಡಿಬಿಟಿ (ಸರಕಾರ ನೇರವಾಗಿ ಖಾತೆಗೆ ಹಾಕುವ) ಹಣ ಇದೇ ಖಾತೆಗೆ ಬರುವಂತೆ ಮ್ಯಾಪ್ ಆಗಿರಬೇಕು. ಈ ಕೆಲಸವನ್ನು ಏಪ್ರಿಲಿನಲ್ಲಿ, ಫಲಿತಾಂಶಕ್ಕೆ ಕಾಯುತ್ತಾ ಸುಮ್ಮನೆ ಕೂತಿರುವಾಗಲೇ ಮುಗಿಸಿ. ಅರ್ಜಿ ಹಾಕಿದ ಮೇಲೆ ಕಾಲೇಜಿನ ನೋಡಲ್ ಅಧಿಕಾರಿ ಅದನ್ನು ವೆರಿಫೈ ಮಾಡಿದರೋ ಎಂದು ವಾರಕ್ಕೊಮ್ಮೆ ಪೋರ್ಟಲ್ಲಿನಲ್ಲಿ ನೋಡಿ. ಕಾಲೇಜು ಬದಲಿಸಿದವರ ಅರ್ಜಿ ಹಳೆಯ ಕಾಲೇಜಿನ ಲಾಗಿನ್ನಿನಲ್ಲೇ ಕೂತಿರುತ್ತದೆ, ಅಲ್ಲಿ ನಿಮ್ಮ ಹೆಸರು ಗೊತ್ತಿರುವವರು ಯಾರೂ ಇರುವುದಿಲ್ಲ.