ಗಂಗಾವತಿ ಹತ್ರ 12 ಬೆಡ್ಡಿನ ಮರೆವಿನ ಮನಿ ಕಟ್ಟಿದ್ದು, ನಡಸಾಕತ್ತಿದ್ದು

ಅವ್ವಗ ಅಲ್‌ಝೈಮರ್ಸ್ (ಮರೆವಿನ ಕಾಯಿಲೆ) ಅಂತ ಗೊತ್ತಾದಮ್ಯಾಲೆ ಆರು ವರ್ಷ ಮನ್ಯಾಗ ನೋಡಿಕೊಂಡೆ. ಕೊನೀಗೆ ಕೊನೀಗೆ ರಾತ್ರಿ ನಿದ್ದಿನೇ ಇಲ್ಲ, ಎಲ್ಲರ ಒಂದು ಕಡೆ ಇಡೋಣ ಅಂದ್ರ ವೃದ್ಧಾಶ್ರಮದೋರು 'ಎದ್ದು ಹೊರಗ ಹೋಗಿಬಿಡ್ತಾರಲ್ರಿ, ನಮ್ಮಿಂದ ಆಗಂಗಿಲ್ಲ' ಅಂತಿದ್ರು, ಬೆಂಗಳೂರಾಗ ಬಿಟ್ರ ನೋಡಾಕ ಹೋಗಬೇಕಂದ್ರೂ ಒಂದು ರಾತ್ರಿ ಬಸ್ಸು. ಅವ್ವ ಹೋದ ಮ್ಯಾಲೆ ನಾನು, ನಮ್ಮ ತಂಗಿ, ಒಬ್ರು ರಿಟೈರ್ಡ್ ನರ್ಸ್ ಅಕ್ಕಾರು ಸೇರಿ ಇಂಥೋರಿಗೆ ಒಂದು ಮನಿ ಕಟ್ಟಾಕ ಟ್ರಸ್ಟ್ ಮಾಡಿದ್ವಿ.

ಎಂಜಿನಿಯರ್ ಮೊದಲು ತಂದ ಪ್ಲಾನು ಥೇಟ್ ದವಾಖಾನಿ. ನಡುವ ಉದ್ದ ಕಾರಿಡಾರ್, ಎರಡೂ ಕಡೆ ರೂಮು, ತುದ್ಯಾಗ ಗ್ವಾಡಿ. ಈ ಕಾಯಿಲೆದೋರು ನಡೀತಾನೇ ಇರ್ತಾರ, ಗ್ವಾಡಿ ಬಂತಂದ್ರ ಹೊಳ್ಳಿ ಬರಬೇಕು ಅನ್ನೋದು ಹೊಳಿಯಂಗಿಲ್ಲ, ಅಲ್ಲೇ ನಿಂತು ಗಾಬರಿ ಆಗ್ತಾರ. ಅದಕ್ಕ ನಡುವ ಅಂಗಳ, ಬೇವಿನ ಗಿಡ, ಸುತ್ತ ಪಡಸಾಲಿ, ಎಲ್ಲಿಂದ ನಡದ್ರೂ ಹೊಳ್ಳಿ ಅಲ್ಲಿಗೇ ಬರಬೇಕು ಹಂಗ ಮಾಡಿಸಿದ್ವಿ. ಮಂಚದ ಮ್ಯಾಲೆ ಮಲಗಿದ್ರೂ ಪಾಯಖಾನಿ ಬಾಗಿಲ ಕಾಣಬೇಕು. ಬಿಳೇ ಟೈಲ್ಸ್‌ನಾಗ ಬಿಳೇ ಕಮೋಡ್ ಕಣ್ಣಿಗೆ ಬೀಳಂಗಿಲ್ಲ, ಅದಕ್ಕ ನೀಲಿ ಸೀಟು ಹಾಕಿಸಿದ್ವಿ. ಕನ್ನಡಿ ಕೆಲವು ರೂಮಿನಾಗ ತೆಗದ್ವಿ, ಯಾರೋ ಹೊಕ್ಕಾರ ಅಂತ ಜಗಳಾಡ್ತಿದ್ರು.

ತಪ್ಪು ಮಾಡಿದ್ದು ಕಲ್ಲಿನಾಗ. ಕುಷ್ಟಗಿ ಕಡೆ ಒಬ್ಬ ಗ್ರಾನೈಟ್ ಸಾವಕಾರ್ರು ಪುಕ್ಕಟ ಕಲ್ಲು ಕೊಟ್ರು, ಖುಷೀಲೆ ಒಂದೊಂದು ಹೊಸ್ತಿಲಕ್ಕೂ ಕರೇ ಪಾಲಿಶ್ ಪಟ್ಟಿ ಕೂಡಿಸಿದ್ವಿ. ಮೊದಲನೇ ವಾರ ಒಬ್ಬ ಅಜ್ಜಿ ಬಾಗಿಲದಾಗ ಬಂದು ನಿಂತ್ಳು, ಸೀರಿ ನಿರಿಗಿ ಮೊಣಕಾಲ ತನಕ ಎತ್ತಿ ಹಿಡಕೊಂಡು, ಒಂದು ಕಾಲು ಮುಂದ ಚಾಚಿ ಹಿಂದ ತಗೀತಾಳ, ಚಾಚ್ತಾಳ ತಗೀತಾಳ. 'ಕಾಲುವಿ ತುಂಬಿ ಹರೀತೈತಲ್ಲೋ ತಮ್ಮಾ' ಅಂದ್ಳು. ಈ ಕಾಯಿಲ್ಯಾಗ ಆಳ ಗುರುತಿಸೋ ಶಕ್ತೀನೂ ಕಮ್ಮಿ ಆಗತೈತಿ, ಕರೇದು ಕುಣಿ ಆಗಿ ಕಾಣತೈತಿ, ಮಿಂಚೋದು ನೀರಾಗಿ. ತುಂಗಭದ್ರಾ ಎಡದಂಡೆ ಕಾಲುವಿ ಬಾಜೂನೇ ಹುಟ್ಟಿ ಬೆಳೆದಾಕಿಗೆ ಮತ್ತೇನು ಕಾಣಬೇಕು! ಎಲ್ಲಾ ಪಟ್ಟಿ ಕಿತ್ತಿಸಿ ನೆಲದ ಬಣ್ಣದ್ದೇ ಮಂಕು ಕಲ್ಲು ಹಾಕಿಸಿದ್ವಿ. ಸಾವಕಾರ್ರು ಮೂರು ತಿಂಗಳು ಮಾತಾಡಲಿಲ್ಲ.

ಹೊತ್ತು ಮುಳುಗೋ ಹೊತ್ತಿಗೆ ಎಲ್ಲಾರಿಗೂ ಮನಿಗೆ ಹೋಗಬೇಕು ಅನಸ್ತೈತಿ, 'ಎತ್ತು ಬಿಚ್ಚಬೇಕು ಬಿಡ್ರಿ ನನ್ನ' ಅಂತಾರ. ಐದಕ್ಕೇ ಲೈಟ್ ಹಚ್ಚಿ, ಎಲ್ಲಾರ ಕೈಗೂ ಮೊರ ಕೊಟ್ಟು ಅಕ್ಕಿ ಹಸನ ಮಾಡಾಕ ಕೂಡಸ್ತೀವಿ. ಮಿಲ್ಲಿನ ಅಕ್ಕಿ ಮೊದಲೇ ಹಸನ ಇರತೈತಿ, ನಾವೇ ಒಂದು ಹಿಡಿ ನೆಲ್ಲು ಕಲಸ್ತೀವಿ.

ಇನ್ನ ರೊಕ್ಕ. ಕಟ್ಟಾಕ ರೊಕ್ಕ ಸಿಕ್ತು, ಖರೇನೇ ಹೇಳ್ತೀನಿ ಬಾಳ ತ್ರಾಸ ಆಗಲಿಲ್ಲ, ರೂಮಿಗೊಂದು ಹೆಸರಿನ ಕಲ್ಲು ಹಾಕಸ್ತೀವಿ ಅಂದ್ರ ಕೊಡ್ತಾರ, ತೆರಿಗಿ ರಿಯಾಯ್ತಿ ಸಿಗೋ 80ಜಿ ರಸೀದಿ ಇದ್ರಂತೂ ಇನ್ನೂ ಛಲೋ. ಸಮಾಜದ ಕೆಲಸಕ್ಕ ಅಂತ ಕಂಪನಿಗಳು ತೆಗೆದಿಡೋ ರೊಕ್ಕಕ್ಕ, ಅಂದ್ರ ಸಿಎಸ್‌ಆರ್‌ಗೆ ಹೋದ್ವಿ, ನಮ್ಮ ದೇಶದಾಗ 60 ದಾಟಿದೋರಾಗ ನೂರಕ್ಕ 7.4 ಮಂದಿಗೆ ಡಿಮೆನ್ಷಿಯಾ (ಇಂಥ ಮರೆವಿನ ಕಾಯಿಲೆ) ಐತಿ ಅನ್ನೋ 2023ರ ಅಂದಾಜು ಪ್ರಪೋಸಲ್‌ನಾಗ ಹಾಕಿದ್ವಿ. ಸಿಎಸ್‌ಆರ್-1 ಅನ್ನೋ ಸರ್ಕಾರಿ ನೋಂದಣಿ ಮಾಡಸ್ರಿ ಅಂದ್ರು, ಮಾಡಸಿದ್ವಿ, ಮೂರು ವರ್ಷದ ಆಡಿಟ್ ತರ್ರಿ ಅಂದ್ರು. ಹುಟ್ಟಿದ್ದೇ ನಿನ್ನೆ, ಎಲ್ಲಿಂದ ತರೋದು? ಕೊನೀಗೆ ಒಂದು ಕಂಪನಿ ಸೋಲಾರ್ ಕೊಡ್ತು, ಪಗಾರಕ್ಕ ಮಾತ್ರ ಒಲ್ಲೆ ಅಂತು.

ತಿಂಗಳ ಖರ್ಚು ಸುಮಾರು 2.6 ಲಕ್ಷ, ಅದರಾಗ ಮುಕ್ಕಾಲು ಪಾಲು ಆಯಾಗಳು, ನರ್ಸ್, ಅಡಿಗಿಯವ್ರ ಪಗಾರಾನೇ. ಏಳು ಮನಿಯವ್ರು 25 ಸಾವಿರದಂಗ ಕೊಡ್ತಾರ, ಐದು ಮಂದಿಗೆ ಕೊಡೋರಿಲ್ಲ. 85 ಸಾವಿರ ಖೋತಾ. ನೆದರ್ಲೆಂಡ್ಸಿನ ಹೊಗೆವೇಕ್ ವಿಡಿಯೋ ನಾನೂ ನೋಡೀನಿ, ಊರಿಗೆ ಊರೇ ಈ ಕಾಯಿಲೆದೋರಿಗೆ, ಅಂಗಡಿ ಕೂಡ ಒಳಗೇ, ಆದ್ರ ಅಲ್ಲಿ ದೀರ್ಘಕಾಲದ ಆರೈಕಿಗೆ ಸರ್ಕಾರದ ವ್ಯವಸ್ಥಾನೇ ಐತಿ, ಇಲ್ಲಿ ವಿಡಿಯೋ ನೋಡಿ ಬಜೆಟ್ ಮಾಡಬ್ಯಾಡ್ರಿ.

ನಮಗ ದಾರಿ ಆಗಿದ್ದು ದಾಸೋಹ. ಕೊಪ್ಪಳದ ಗವಿಮಠದ ಜಾತ್ರಿಗೆ ಗಾಡಿಗಟ್ಲೆ ರೊಟ್ಟಿ ತರೋ ಮಂದಿ ನಮ್ಮವ್ರು, ಅಕ್ಕಿ ಬೇಕಂದ್ರ ಮಿಲ್ಲಿನವ್ರು ಅಂದೇ ಕಳಸ್ತಾರ, ಆಯಾಳ ಪಗಾರ ಅಂದ್ರ ಮಾರಿ ಆ ಕಡೆ. ನರ್ಸ್ ಅಕ್ಕಾರೇ ಹೇಳಿದ್ರು, ಪಗಾರ ಅನಬ್ಯಾಡ, ರಾತ್ರಿ ದಾಸೋಹ ಅನ್ನು. ಇಬ್ರು ಆಯಾ ಒಂದು ರಾತ್ರಿ ಎಚ್ಚರ ಇರಾಕ 800 ರೂಪಾಯಿ. ಹುಟ್ಟಿದ ದಿನಕ್ಕ, ಅಪ್ಪನ ಪುಣ್ಯಸ್ಮರಣಿಗೆ ಒಂದೊಂದು ರಾತ್ರಿ ಹಿಡೀತಾರ, ಮರುದಿನ ಮುಂಜಾನೆ ಆಯಾ ಫೋನ್ ಮಾಡಿ ರಾತ್ರಿ ಯಾರು ಎಷ್ಟು ಸಲ ಎದ್ರು, ಏನು ಕೇಳಿದ್ರು ಅಂತ ಹೇಳ್ತಾಳ. ಖೋತಾ ಪೂರ್ತಿ ತುಂಬಂಗಿಲ್ಲ, ಉಳಿದದ್ದು ಇನ್ನೂ ಅಲ್ಲಿ ಇಲ್ಲಿ ಕೈಗಡ. ಈ ತಿಂಗಳು 19 ರಾತ್ರಿ ತುಂಬ್ಯಾವು, ಉಳಿದ 11ಕ್ಕ ಫೋನ್ ಹಚ್ಚಾಕತ್ತೀನಿ.