ಸೆನ್ಸ್ ಬಿಡಿ, ಸೆಂಟಿಮೀಟರ್ ಹೇಳಿ

ಶೂಟಿಂಗ್ ಆಟಗಳಲ್ಲಿ ಜೊತೆಗೆ ಆಡುವವರು ಯಾರಾದರೂ "ನಿನ್ನ ಸೆನ್ಸ್ ಎಷ್ಟು ಮಗಾ?" ಅಂದರೆ ನಾನು "52 ಸೆಂಟಿಮೀಟರ್" ಅನ್ನುತ್ತೇನೆ. ಮೊದಲು ನಗುತ್ತಾರೆ, ಆಮೇಲೆ ಲೆಕ್ಕ ಕೇಳುತ್ತಾರೆ.

ಸೆನ್ಸ್ ಅಂದರೆ ಸೆನ್ಸಿಟಿವಿಟಿ, ಮೌಸ್ ಸರಿದಾಗ ಆಟದಲ್ಲಿ ನೋಟ ಎಷ್ಟು ತಿರುಗಬೇಕು ಅನ್ನುವ ಸೆಟ್ಟಿಂಗ್. ಲೆಕ್ಕ ಸುಲಭ. 800 ಡಿಪಿಐ ಮೌಸ್ ಒಂದು ಇಂಚು ಸರಿದರೆ ಕಂಪ್ಯೂಟರ್‌ಗೆ 800 ಕೌಂಟ್ ಹೋಗುತ್ತವೆ. ಒಂದು ಕೌಂಟ್‌ಗೆ ಎಷ್ಟು ಡಿಗ್ರಿ ತಿರುಗಬೇಕು ಅನ್ನುವುದು ಆಯಾ ಆಟದ ಇಷ್ಟ. ಸೆನ್ಸ್ 1 ಇಟ್ಟರೆ ಕೌಂಟರ್-ಸ್ಟ್ರೈಕ್ 2ರಲ್ಲಿ 0.022 ಡಿಗ್ರಿ, ವ್ಯಾಲರಂಟ್‌ನಲ್ಲಿ 0.07. ಅಂದರೆ ವ್ಯಾಲರಂಟ್‌ನ 1 ಸುಮಾರು 3.18 ಪಟ್ಟು ಜೋರು. ಹಾಗಾಗಿ ಡಿಪಿಐಯನ್ನು ಸೆನ್ಸ್‌ನಿಂದ ಗುಣಿಸಿದರೆ ಬರುವ ಇ-ಡಿಪಿಐ ಒಂದೇ ಆಟ ಆಡುವವರ ನಡುವೆ ಸರಿ. ಆಟ ಬದಲಾದರೆ ಅದು ಸುಮ್ನೆ ಒಂದು ಅಂಕಿ.

ಕೈಗೆ ನಿಜವಾಗಿ ಗೊತ್ತಾಗುವುದು ಒಂದೇ: ಪೂರ್ತಿ ಒಂದು ಸುತ್ತು ತಿರುಗಲು ಮೌಸ್ ಎಷ್ಟು ದೂರ ಹೋಗಬೇಕು? ಕೌಂಟರ್-ಸ್ಟ್ರೈಕ್ ಆದರೆ 360ನ್ನು 0.022ರಿಂದ ಭಾಗಿಸಿ, ಬಂದದ್ದನ್ನು ಸೆನ್ಸ್‌ನಿಂದ, ಮತ್ತೆ ಡಿಪಿಐಯಿಂದ ಭಾಗಿಸಿ. ಇಂಚು ಸಿಗುತ್ತದೆ. 2.54ರಿಂದ ಗುಣಿಸಿದರೆ ಸೆಂಟಿಮೀಟರ್. ನನ್ನ 800 ಡಿಪಿಐ, ಸೆನ್ಸ್ 1ಕ್ಕೆ 52 ಬಂತು. ಅದೇ 52 ವ್ಯಾಲರಂಟ್‌ನಲ್ಲಿ ಬೇಕು ಅಂದರೆ ಸೆನ್ಸ್ 0.314. ಓವರ್‌ವಾಚ್‌ನಲ್ಲಿ ಒಂದು ಕೌಂಟ್‌ಗೆ 0.0066 ಡಿಗ್ರಿ, ಆದ್ದರಿಂದ ಅಲ್ಲಿ 3.33.

ಇಷ್ಟನ್ನು ಯಾವ ಕ್ಯಾಲ್ಕುಲೇಟರ್ ಬೇಕಾದರೂ ಹೇಳುತ್ತದೆ. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಸ್ಕೇಲ್. ಹೊಸ ಮೌಸ್ ತಂದಾಗ ಅದರಲ್ಲೂ 800 ಇಟ್ಟೆ, ಆದರೂ ಗುರಿ ಪ್ರತಿ ಸಲ ತಲೆ ದಾಟಿ ಹೋಗುತ್ತಿತ್ತು. ಪ್ಯಾಡ್ ಪಕ್ಕ ಸ್ಕೇಲ್ ಇಟ್ಟು, ಪ್ರಾಕ್ಟೀಸ್ ಮ್ಯಾಪ್‌ನಲ್ಲಿ ಒಂದು ಬಾಗಿಲಿನ ಅಂಚಿಗೆ ಕ್ರಾಸ್‌ಹೇರ್ (ಸ್ಕ್ರೀನ್ ಮಧ್ಯದ ಗುರಿಯ ಗುರುತು) ಹೊಂದಿಸಿದೆ. 52 ಸೆಂಟಿಮೀಟರ್ ನನ್ನ ಪ್ಯಾಡ್‌ನಲ್ಲಿ ಹಿಡಿಸುವುದಿಲ್ಲ. ಮಧ್ಯೆ ಮೌಸ್ ಎತ್ತಿದರೆ ಅಳತೆ ಕೆಡುತ್ತದೆ. ಅದಕ್ಕೇ ಅಷ್ಟು ಹೊತ್ತಿಗೆ ಸೆನ್ಸ್ 2 ಮಾಡಿಕೊಂಡೆ. ಆಗ 26 ಸಾಕು. ಸ್ಕೇಲ್‌ಗೆ ಒರಗಿಸಿ ನಿಧಾನಕ್ಕೆ ಎಳೆದರೆ, 25ಕ್ಕೇ ಅದೇ ಅಂಚು ಬಂದು ನಿಂತಿತು. ಎರಡು ಮೂರು ಸಲ ನೋಡಿದೆ, ಅಷ್ಟೇ. ಅಂದರೆ ಡಬ್ಬದ ಮೇಲಿನ 800 ನಿಜಕ್ಕೂ 830ರ ಆಸುಪಾಸು. ಸೆನ್ಸರ್‌ಗಳಲ್ಲಿ ಇಷ್ಟು ವ್ಯತ್ಯಾಸ ಮಾಮೂಲಿ. ಸೆನ್ಸ್ 0.96ಕ್ಕೆ ಇಳಿಸಿದೆ, ವ್ಯಾಲರಂಟ್‌ನಲ್ಲಿ 0.302. ಕೈಗೆ ಹಳೆಯ ಮೌಸ್ ವಾಪಸ್ ಬಂದಂತಾಯಿತು.

ಅಳೆಯುವ ಮುಂಚೆ ವಿಂಡೋಸ್‌ನ 'ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್' ಆಫ್ ಮಾಡಿಬಿಡಿ. ರಾ ಇನ್‌ಪುಟ್ ಇರುವ, ಅಂದರೆ ಮೌಸ್‌ನ ಕೌಂಟ್‌ಗಳನ್ನು ನೇರವಾಗಿ ಓದುವ ಆಟಕ್ಕೆ ಅದು ತಾಗುವುದಿಲ್ಲ, ಇಲ್ಲದ ಆಟದಲ್ಲಿ ವೇಗಕ್ಕೆ ತಕ್ಕಂತೆ ದೂರವೇ ಬದಲಾಗುತ್ತದೆ.

ಸೆಂಟಿಮೀಟರ್ ಸರಿಹೋದರೂ ಎರಡು ಆಟ ಪೂರ್ತಿ ಒಂದೇ ಥರ ಅನಿಸುವುದಿಲ್ಲ. ಅಗಲ ಸ್ಕ್ರೀನ್‌ನಲ್ಲಿ ಕೌಂಟರ್-ಸ್ಟ್ರೈಕ್ ಸುಮಾರು 106 ಡಿಗ್ರಿ ಅಗಲದ ನೋಟ ತೋರಿಸುತ್ತದೆ, ವ್ಯಾಲರಂಟ್ 103. ಇದನ್ನು ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ. ಸ್ಕೋಪ್ ಮಾತ್ರ ಬೇರೆ ಕಥೆ. ಜೂಮ್‌ನಲ್ಲಿ ಸೂತ್ರ ಪಕ್ಕಕ್ಕಿಟ್ಟು ಕೈಗೆ ಒಗ್ಗುವಷ್ಟು ಇಟ್ಟುಕೊಂಡಿದ್ದೇನೆ.