ರಥಬೀದಿಯ ಜನಸಂದಣಿಯನ್ನು ಜಲವರ್ಣಕ್ಕೆ ತಂದ ಬಗೆ

ಉಡುಪಿಯ ರಥಬೀದಿಯಲ್ಲಿ ಮಕರ ಸಂಕ್ರಾಂತಿಯಂದು ನಡೆಯುವ ಮೂರು ತೇರುಗಳ ಉತ್ಸವವನ್ನು ಚಿತ್ರಿಸಲು ನಾನು ಮಾಡಿದ ಮೊದಲ ಪ್ರಯತ್ನ ಶಾಲೆಯ ಗ್ರೂಪ್ ಫೋಟೋದಂತಾಗಿತ್ತು. ಒಬ್ಬೊಬ್ಬರ ಕಣ್ಣು ಮೂಗು ತಿದ್ದುತ್ತ ಹೋದದ್ದರಿಂದ ಹಾಳೆಯ ತುಂಬ ಜನರಿದ್ದರು, ನಡಿಗೆ ಮಾತ್ರ ಇರಲಿಲ್ಲ.

ಆಮೇಲೆ ಕೆಲವು ಸಂಜೆ ಅಂಗಡಿಯೊಂದರ ಜಗಲಿಯಲ್ಲಿ ಕುಳಿತು, ಜನರನ್ನು ಬಿಡಿಸದೆ, ಅವರು ಸಾಗುವ ದಿಕ್ಕನ್ನಷ್ಟೇ ಬಾಣದ ಗುರುತಿನಿಂದ ಗುರುತಿಸಿಕೊಂಡೆ. ಅನಂತೇಶ್ವರ, ಚಂದ್ರಮೌಳೀಶ್ವರ ದೇವಸ್ಥಾನಗಳನ್ನು ನಡುವೆ ಇಟ್ಟುಕೊಂಡು ಬೀದಿ ಸುತ್ತುವುದರಿಂದ ನಡಿಗೆಗೆ ಪ್ರದಕ್ಷಿಣೆಯ ಒಂದು ಒಲವಿದೆ. ಕನಕನ ಕಿಂಡಿಯ ಎದುರು ಅದು ತಡೆದು, ದಪ್ಪವಾಗಿ, ಮತ್ತೆ ತೆಳುವಾಗುತ್ತದೆ.

ಬೀದಿಯಲ್ಲೇ ನಿಂತು ನೋಡಿದರೆ ಸರಿಸುಮಾರು ನಮ್ಮೆತ್ತರದವರ ತಲೆಗಳೆಲ್ಲ, ಹತ್ತಿರದವಾಗಲಿ ದೂರದವಾಗಲಿ, ನಮ್ಮ ಕಣ್ಣಿನ ಮಟ್ಟದ ಒಂದೇ ಗೆರೆಯಲ್ಲಿ ಕಾಣುತ್ತವೆ. ಹೀಗಾಗಿ ನಾನು ಮಹಡಿಯಿಂದ ಕಂಡ ನೋಟವನ್ನು ಆರಿಸಿಕೊಂಡೆ; ಅಲ್ಲಿಂದ ತಲೆಗಳ ನಡುವಿನ ಖಾಲಿ ನೆಲ ಕಾಣುತ್ತದೆ, ಜನ ಎತ್ತ ಸಾಗುತ್ತಿದ್ದಾರೆಂಬುದನ್ನು ಹೇಳುವುದು ಆ ಖಾಲಿಯೇ. ಇಡೀ ಗುಂಪನ್ನು ಒಂದೇ ಒದ್ದೆ ಬಣ್ಣದಲ್ಲಿ ಹರಿಯಬಿಟ್ಟು, ಖಾಲಿ ನೆಲವನ್ನು ಮುಟ್ಟದೆ ಉಳಿಸಿ, ಬಣ್ಣ ಆರಿದ ಮೇಲೆ ಹತ್ತು ಹನ್ನೆರಡು ಮಂದಿಯನ್ನಷ್ಟೇ ಸ್ಪಷ್ಟಗೊಳಿಸಿದೆ. ತಲೆ ಊರಿದ ಪಾದಕ್ಕಿಂತ ತುಸು ಮುಂದಿದ್ದರೆ ಆಕೃತಿ ನಡೆಯುತ್ತದೆ, ಪಾದದ ನೇರಕ್ಕಿದ್ದರೆ ನಿಲ್ಲುತ್ತದೆ. ಮುಂಡು ಉಟ್ಟವರ ಕಾಲುಗಳನ್ನು ಬೇರ್ಪಡಿಸುವ ಗೋಜಿಗೆ ಹೋಗಬಾರದು; ಕೆಳಗೆ ಕಿರಿದಾಗುವ ಒಂದು ಬಿಳಿ ಪಟ್ಟಿ ಸಾಕು. ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳಲ್ಲಿ ಕುಣಿಯುವವರ ಮೈ ಕೆಲವೇ ಗೆರೆಗಳಲ್ಲಿ ಬಳುಕುವುದನ್ನು ನೋಡಿದ್ದವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಹೆಚ್ಚು ನೆರವಾದದ್ದು ಮಲ್ಲಿಗೆ. ಮುಡಿದ ಶಂಕರಪುರ ಮಲ್ಲಿಗೆ ಹಿಂದಿನಿಂದಷ್ಟೇ ಚೆನ್ನಾಗಿ ಕಾಣುವುದರಿಂದ, ಪೋಸ್ಟರ್ ಕಲರ್‌ನ ಬಿಳಿಯಲ್ಲಿ ಚುಕ್ಕಿ ಇಟ್ಟ ಕಡೆಯ ಹೆಂಗಸರೆಲ್ಲ ನಮ್ಮಿಂದ ದೂರ ಸರಿಯತೊಡಗಿದರು. ಚುಕ್ಕಿಯಿಲ್ಲದ ಕಂದು ಮುಖಗಳು ನಮ್ಮತ್ತ ಬಂದವು. ಎರಡು ಪ್ರವಾಹಗಳು ಒಂದನ್ನೊಂದು ಹಾಯುವುದನ್ನು ತೋರಿಸಲು ನನಗೆ ಇದಕ್ಕಿಂತ ಸುಲಭದ ದಾರಿ ಸಿಕ್ಕಿಲ್ಲ.

ತೇರಿನ ಹಗ್ಗ ಹಿಡಿದವರು ಮಾತ್ರ ಮೂರನೆಯ ಹಾಳೆಯಲ್ಲೂ ಕೈಗೆ ಸಿಗಲಿಲ್ಲ. ಹಗ್ಗ ಬಿಗಿಯಾಗಿಯೂ ತೇರು ಇನ್ನೂ ಅಲುಗದ ಆ ಗಳಿಗೆಯಲ್ಲಿ ಎಲ್ಲರ ತಲೆಯೂ ಪಾದಕ್ಕಿಂತ ಬಹಳ ಮುಂದಿರುತ್ತದೆ, ಆದರೆ ಯಾರೂ ನಡೆಯುತ್ತಿರುವುದಿಲ್ಲ.